ಗಡಿ ದಾಟಿದ ಸೇವೆ

ಶಾಲೆಯೊಂದು ನೂರು ವರ್ಷ ಪೂರೈಸಿದಾಗ ಅದರ ಕಟ್ಟಡ, ಮುಖ್ಯೋಪಾಧ್ಯಾಯರು ಹಾಗೂ ಫಲಿತಾಂಶಗಳ ಇತಿಹಾಸವನ್ನು ಬರೆಯುವುದು ವಾಡಿಕೆ. ಆದರೆ ಶಾಲೆ ಬೆಳೆಯುವುದು ತನ್ನ ಸುತ್ತಲಿನ ಸಮಾಜದ ಮಡಿಲಲ್ಲಿ. ಆ ಸಮಾಜವು ಸರಕಾರದ ಆಜ್ಞೆಯಿಲ್ಲದೆ, ಸಂಬಳದ ಆಸೆಯಿಲ್ಲದೆ, ಕಷ್ಟದಲ್ಲಿದ್ದವರಿಗಾಗಿ ಯಾವಾಗ ಮತ್ತು ಹೇಗೆ ಒಂದುಗೂಡಿತು ಎಂಬುದೂ ಶಾಲೆಯ ಇತಿಹಾಸದ ಭಾಗವೇ. ಉಮರ್ಗಾ, ನಿಲಂಗಾ, ಉದಗೀರ ಸೀಮೆಯಲ್ಲಿ ಸ್ವಯಂಸೇವೆ ನಡೆದುಬಂದ ದಾರಿಯನ್ನು ಈ ಸಂದರ್ಭದಲ್ಲಿ ಸ್ಮರಿಸುವುದು ನಮ್ಮ ಉದ್ದೇಶ.

ಸೇವೆ ಎಂಬುದು ನಮ್ಮ ನೆಲಕ್ಕೆ ಹೊರಗಿನಿಂದ ಬಂದದ್ದಲ್ಲ. ಹನ್ನೆರಡನೆಯ ಶತಮಾನದ ಶರಣರ ಕಲ್ಯಾಣ ಉಮರ್ಗಾದಿಂದ ದೂರವಿಲ್ಲ. ದುಡಿಮೆಯ ಫಲವನ್ನು ಸಮಾಜಕ್ಕೆ ಸಲ್ಲಿಸುವ ದಾಸೋಹದ ಕಲ್ಪನೆ ಅಲ್ಲಿಂದ ಮಠಗಳಿಗೆ, ಮಠಗಳಿಂದ ಮನೆಗಳಿಗೆ ಹರಿದು ಬಂದಿತು. ರೈತರಲ್ಲಿದ್ದ ಮುಯ್ಯಾಳಿನ ಪದ್ಧತಿಯೂ ಇದೇ ಬಗೆಯದು: ಇಂದು ನಿನ್ನ ಹೊಲಕ್ಕೆ ನಮ್ಮ ಆಳು, ನಾಳೆ ನಮ್ಮ ಹೊಲಕ್ಕೆ ನಿನ್ನ ಆಳು. ನಿಜಾಮರ ಆಳ್ವಿಕೆಯಲ್ಲಿ ಉರ್ದು ಆಡಳಿತದ ಹಾಗೂ ಶಿಕ್ಷಣದ ಭಾಷೆಯಾಗಿದ್ದಾಗ ಕನ್ನಡ ಶಾಲೆ ನಡೆಸುವುದೇ ಒಂದು ಸೇವೆಯಾಗಿತ್ತು. ಉದಗೀರಕ್ಕೆ ಸಮೀಪದ ಕಮಲನಗರದಲ್ಲಿ 1889ರಲ್ಲಿ ಜನಿಸಿದ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದೇವರು ಹೊರಗೆ ಉರ್ದು ಫಲಕ ಹಾಕಿಸಿ ಒಳಗೆ ಕನ್ನಡ ಕಲಿಸಿದ ಸಂಗತಿ ಈ ಭಾಗದ ಮನೆಮನೆಯ ಮಾತು.

ಈ ಸೀಮೆಯ ಬದುಕಿನಲ್ಲಿ 1956 ದೊಡ್ಡ ತಿರುವು. ಆ ವರ್ಷದ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಹೈದರಾಬಾದ್ ಸಂಸ್ಥಾನ ಮೂರು ಪಾಲಾಯಿತು. ಅದುವರೆಗೆ ಬೀದರ ಜಿಲ್ಲೆಯಲ್ಲಿದ್ದ ಅಹಮದಪುರ, ನಿಲಂಗಾ ಮತ್ತು ಉದಗೀರ ತಾಲೂಕುಗಳು, ಉಮರ್ಗಾ ಒಳಗೊಂಡ ಉಸ್ಮಾನಾಬಾದ್ ಜಿಲ್ಲೆಯೊಡನೆ ಮುಂಬಯಿ ರಾಜ್ಯಕ್ಕೆ ಸೇರಿದವು. 1960ರಲ್ಲಿ ಮಹಾರಾಷ್ಟ್ರದ ಭಾಗವಾದವು. ಬೀದರ ಮತ್ತು ಭಾಲ್ಕಿ ಮೈಸೂರು ರಾಜ್ಯದಲ್ಲಿ ಉಳಿದವು. ಬೀಗರ ಊರು ಆಚೆ, ನಮ್ಮ ಊರು ಈಚೆ. ಸಂತೆ ಒಂದು ಕಡೆ, ಕಚೇರಿ ಇನ್ನೊಂದು ಕಡೆ. ಆಡಳಿತಕ್ಕೆ ಗೆರೆ ಸುಲಭ. ರೋಗಕ್ಕೆ, ಬರಕ್ಕೆ, ಭೂಕಂಪಕ್ಕೆ ಗೆರೆಯ ಗೊಡವೆಯಿಲ್ಲ.

ಲಯನ್ಸ್ ಸಂಸ್ಥೆ ಮುಂಬಯಿಯ ಮೂಲಕ ಭಾರತಕ್ಕೆ ಕಾಲಿರಿಸಿದ್ದೂ ಅದೇ 1956ರಲ್ಲಿ. 1917ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಈ ಸಂಸ್ಥೆಗೆ ಅಂಧತ್ವ ನಿವಾರಣೆಯ ದೀಕ್ಷೆ ದೊರೆತದ್ದು 1925ರಲ್ಲಿ. ಕಣ್ಣು, ಕಿವಿ ಎರಡನ್ನೂ ಎಳವೆಯಲ್ಲೇ ಕಳೆದುಕೊಂಡಿದ್ದ ಹೆಲೆನ್ ಕೆಲರ್ ಅವರು ಆ ವರ್ಷದ ಲಯನ್ಸ್ ಸಮ್ಮೇಳನದಲ್ಲಿ ಅಂಧರ ಪರವಾಗಿ ದುಡಿಯುವಂತೆ ಸದಸ್ಯರಿಗೆ ಕರೆಯಿತ್ತರು. ಕನ್ನಡ ನಾಡಿನಲ್ಲಿ ಈ ಕಾರ್ಯಕ್ಕೆ ಮನೆಮಾತಾದ ಹೆಸರು ಬೀಳಗಿಯ ಡಾ. ಎಂ. ಸಿ. ಮೋದಿಯವರದು. 1943ರಲ್ಲಿ ಗುಜರಾತಿನ ಪಾಟಣದಲ್ಲಿ ಉಚಿತ ಕಣ್ಣಿನ ಶಿಬಿರ ಆರಂಭಿಸಿದ ಅವರು ಬದುಕಿನುದ್ದಕ್ಕೂ ಊರೂರು ತಿರುಗಿ ಲಕ್ಷಾಂತರ ಶಸ್ತ್ರಚಿಕಿತ್ಸೆ ನಡೆಸಿದರು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಅವರಿಗೆ ಸಂದವು.

ಆ ಕಾಲದ ಕಣ್ಣಿನ ಶಿಬಿರವೆಂದರೆ ಒಂದು ಊರೇ ಆಸ್ಪತ್ರೆಯಾಗುವ ಪ್ರಸಂಗ. ಶಾಲೆಯ ಕೋಣೆಗಳು, ಧರ್ಮಶಾಲೆಗಳು, ಮಂಗಲ ಕಾರ್ಯಾಲಯಗಳು ವಾರ್ಡುಗಳಾಗುತ್ತಿದ್ದವು. ವೈದ್ಯರು ಪೊರೆ ತೆಗೆಯುತ್ತಿದ್ದರು. ಉಳಿದುದೆಲ್ಲ ಸ್ವಯಂಸೇವಕರ ಪಾಲು. ಹಳ್ಳಿಹಳ್ಳಿಗೆ ಹೋಗಿ ಮೋತಿಬಿಂದು ಆದವರನ್ನು ಕರೆತರುವುದು, ಹೆಸರು ಬರೆದುಕೊಳ್ಳುವುದು, ಅನ್ನ ನೀರು ಒದಗಿಸುವುದು, ಪಟ್ಟಿ ಕಟ್ಟಿದ ವೃದ್ಧರನ್ನು ಕೈಹಿಡಿದು ನಡೆಸುವುದು, ಕೆಲವು ವಾರಗಳ ಬಳಿಕ ದಪ್ಪ ಗಾಜಿನ ಕನ್ನಡಕ ತಲುಪಿಸುವುದು. ಅಂದಿನ ಶಸ್ತ್ರಚಿಕಿತ್ಸೆಯ ನಂತರ ರೋಗಿ ಕೆಲವು ದಿನ ಅಲುಗಾಡದೆ ಮಲಗಬೇಕಾಗಿತ್ತು. ತಲೆ ಬಗ್ಗಿಸಬಾರದು, ಭಾರ ಎತ್ತಬಾರದು, ಕಣ್ಣಿಗೆ ನೀರು ತಾಗಿಸಬಾರದು ಎಂಬ ಮಾತು ರೋಗಿಗೆ ತಿಳಿಯದಿದ್ದರೆ ವೈದ್ಯರ ಕೈಚಳಕವೂ ವ್ಯರ್ಥ. ಮರಾಠಿ, ಕನ್ನಡ, ಉರ್ದು ಬೆರೆತ ನಮ್ಮ ಸೀಮೆಯಲ್ಲಿ ಈ ಮಾತನ್ನು ಅಜ್ಜಿಗೆ ಅವಳ ಮನೆಯ ಭಾಷೆಯಲ್ಲಿ ಹೇಳಬಲ್ಲವರೇ ನಿಜವಾದ ಸ್ವಯಂಸೇವಕರು. ಇಲ್ಲಿ ಭಾಷೆ ಅಭಿಮಾನದ ವಿಷಯವಾಗಿ ಉಳಿಯದೆ ಶುಶ್ರೂಷೆಯ ಅಂಗವಾಗುತ್ತದೆ. ಕನ್ನಡ ಶಾಲೆಯಲ್ಲಿ ಕಲಿತು ಪೇಟೆಯಲ್ಲಿ ಮರಾಠಿಯಾಡುವ ಮಕ್ಕಳು ಈ ಸೀಮೆಗೆ ಏಕೆ ಬೇಕು ಎಂಬ ಪ್ರಶ್ನೆಗೆ ಇದೂ ಒಂದು ಉತ್ತರ.

ಕಾಲಕ್ರಮದಲ್ಲಿ ಶಿಬಿರದ ಸ್ವರೂಪ ಬದಲಾಯಿತು. ಕಣ್ಣಿನೊಳಗೆ ಕೃತಕ ಮಸೂರ ಕೂರಿಸುವ ವಿಧಾನ ಬಂದ ಮೇಲೆ ಶಾಲೆಯ ಕೋಣೆಯಲ್ಲಿ ಶಸ್ತ್ರಚಿಕಿತ್ಸೆ ಸಲ್ಲದೆಂಬ ಅರಿವು ಬೆಳೆಯಿತು. 1994ರಿಂದ 2002ರವರೆಗೆ ವಿಶ್ವಬ್ಯಾಂಕಿನ ನೆರವಿನಿಂದ ಏಳು ರಾಜ್ಯಗಳಲ್ಲಿ ನಡೆದ ಪೊರೆ ನಿವಾರಣಾ ಯೋಜನೆಯಲ್ಲಿ ಮಹಾರಾಷ್ಟ್ರವೂ ಸೇರಿತ್ತು. ತಪಾಸಣೆ ಹಳ್ಳಿಯಲ್ಲಿ, ಶಸ್ತ್ರಚಿಕಿತ್ಸೆ ಆಸ್ಪತ್ರೆಯಲ್ಲಿ ಎಂಬ ಕ್ರಮ ಈ ಅವಧಿಯಲ್ಲಿ ಬಲಗೊಂಡಿತು. ಉದಗೀರದಲ್ಲಿರುವ ಉದಯಗಿರಿ ಲಯನ್ಸ್ ಕಣ್ಣಿನ ಆಸ್ಪತ್ರೆ ಈ ಬಗೆಯ ಸ್ಥಿರ ಸೇವೆಗೆ ನಮ್ಮ ಕಣ್ಣೆದುರಿನ ನಿದರ್ಶನ. ಕಮಲನಗರ, ಔರಾದ ಕಡೆಯ ಎಷ್ಟೋ ಹಳ್ಳಿಗಳಿಗೆ ಉದಗೀರವೇ ಹತ್ತಿರದ ದೊಡ್ಡ ಪೇಟೆ. ನಕ್ಷೆಯಲ್ಲಿ ಬೇರೆಯಾದ ತಾಲೂಕುಗಳನ್ನು ಕಣ್ಣಿನ ಆಸ್ಪತ್ರೆಯ ಬೆಂಚು ಮತ್ತೆ ಒಂದೇ ಸಾಲಿನಲ್ಲಿ ಕೂರಿಸಬಲ್ಲದು.

ಸೇವಾಭಾವದ ಅತಿ ಕಠಿಣ ಪರೀಕ್ಷೆ 1993ರ ಸೆಪ್ಟೆಂಬರ್ 30ರಂದು ಎದುರಾಯಿತು. ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದ ಹೊತ್ತು. ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಭೂಮಿ ನಡುಗಿತು. ಔಸಾ ತಾಲೂಕಿನ ಕಿಲ್ಲಾರಿ, ಆಗ ಉಮರ್ಗಾ ತಾಲೂಕಿನಲ್ಲಿದ್ದ ಸಾಸ್ತೂರ ಮೊದಲಾದ ಊರುಗಳು ನೆಲಸಮವಾದವು. ಭೂಕಂಪದ ಪ್ರಮಾಣ ಸುಮಾರು 6.2, ಮಡಿದವರು ಎಂಟರಿಂದ ಹತ್ತು ಸಾವಿರ. ಸಾವಿಗೆ ಮುಖ್ಯ ಕಾರಣ ನಮ್ಮ ಮನೆಗಳೇ. ಕೆಸರುಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಬಿಸಿಲು ತಡೆಯಲು ಹೇರಿದ ಮಾಳಿಗೆಯ ಮಣ್ಣು. ಬೇಸಗೆಯಲ್ಲಿ ತಂಪು ನೀಡಿದ ಆ ಮಣ್ಣೇ ಮಲಗಿದ್ದವರನ್ನು ಮುಚ್ಚಿತು. ಸೋಲಾಪುರ–ಹೈದರಾಬಾದ್ ಹೆದ್ದಾರಿಯ ಮೇಲಿರುವ ಉಮರ್ಗಾ ಪರಿಹಾರ ಕಾರ್ಯದ ಮುಖ್ಯ ದಾರಿಗಳಲ್ಲಿ ಒಂದಾಯಿತು. ಸೈನಿಕರೊಡನೆ ವಿದ್ಯಾರ್ಥಿಗಳು, ವೈದ್ಯರು, ಸೇವಾ ಸಂಸ್ಥೆಗಳು ಧಾವಿಸಿದವು. ಭಾರತೀಯ ಜೈನ ಸಂಘಟನೆ ಸುಮಾರು 1,200 ಮಕ್ಕಳನ್ನು ಪುಣೆಗೆ ಕರೆದೊಯ್ದು ವಿದ್ಯೆ ಕಲಿಸಿತು. 52 ಹಳ್ಳಿಗಳನ್ನು ಹೊಸ ಸ್ಥಳದಲ್ಲಿ ಕಟ್ಟಲಾಯಿತು. ಅವುಗಳಲ್ಲಿ ಹಲವನ್ನು ದಾನಿ ಸಂಸ್ಥೆಗಳು ದತ್ತು ಪಡೆದವು.

ಆ ದುಃಖದ ದಿನಗಳಿಂದ ನಾವು ಕಲಿಯಬೇಕಾದ ಪಾಠ ಒಂದಿದೆ. ಮೊದಲ ವಾರದ ಅನ್ನ, ಬಟ್ಟೆ, ಕಂಬಳಿಗಳಿಗೆ ಜನ ಬಹಳ ಸಿಗುತ್ತಾರೆ. ಮೂರನೆಯ ವರ್ಷದ ಕೆಲಸಕ್ಕೆ ಸಿಗುವುದಿಲ್ಲ. ಬಿರುಕು ಬಿಟ್ಟ ಲಕ್ಷಾಂತರ ಮನೆಗಳ ದುರಸ್ತಿಯ ಸಮಯದಲ್ಲಿ ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆ ಲಾತೂರ ಹಾಗೂ ಉಸ್ಮಾನಾಬಾದ್ ಜಿಲ್ಲೆಗಳ ಸಾವಿರಕ್ಕೂ ಮಿಕ್ಕ ಹಳ್ಳಿಗಳಲ್ಲಿ ಆಯಾ ಊರಿನ ಮಹಿಳೆಯರನ್ನೇ ‘ಸಂವಾದ ಸಹಾಯಕ’ರನ್ನಾಗಿ ಸಜ್ಜುಗೊಳಿಸಿತು. ಸರಕಾರದ ಹಣ ಯಾವಾಗ ಬರುತ್ತದೆ, ಗೋಡೆಗೆ ಯಾವ ಬಲ ಕೊಡಬೇಕು ಎಂಬುದನ್ನು ಅವರು ನೆರೆಹೊರೆಗೆ ತಿಳಿಹೇಳಿದರು. 2001ರಲ್ಲಿ ಗುಜರಾತಿನಲ್ಲಿ ಭೂಕಂಪವಾದಾಗ ಈ ಸೀಮೆಯ ಮಹಿಳೆಯರು ಅಲ್ಲಿಗೆ ಹೋಗಿ ತಮ್ಮ ಅನುಭವ ಹಂಚಿದರು. ನೆರವು ಪಡೆದವರು ನೆರವು ನೀಡುವವರಾದರು. ಮುಯ್ಯಾಳಿನ ಹಳೆಯ ನ್ಯಾಯ ರಾಜ್ಯಗಳ ಗಡಿಯನ್ನೇ ದಾಟಿ ನಡೆಯಿತು.

ಸೇವಾ ಸಂಘಗಳ ಕೆಲಸವನ್ನು ನಾವು ಅಳೆಯಬೇಕಾದುದು ಈ ಅಳತೆಗೋಲಿನಿಂದಲೇ. ಪದಗ್ರಹಣ, ಹಾರ, ಫಲಕ, ಛಾಯಾಚಿತ್ರಗಳಿಗೆ ಎಲ್ಲ ಊರುಗಳಲ್ಲೂ ಸ್ಥಾನವಿದೆ. ಅವುಗಳಿಂದ ಉತ್ಸಾಹವೂ ಹುಟ್ಟುತ್ತದೆ. ಆದರೆ ಕನ್ನಡಕ ತಲುಪಿತೇ, ನೆಟ್ಟ ಸಸಿಗೆ ಎರಡನೆಯ ಬೇಸಗೆಯಲ್ಲಿ ನೀರು ಸಿಕ್ಕಿತೇ, ರಕ್ತ ಕೊಟ್ಟವರ ಪಟ್ಟಿ ಆಪತ್ತಿನ ರಾತ್ರಿ ಕೈಗೆ ಸಿಗುವಂತಿದೆಯೇ ಎಂಬ ಪ್ರಶ್ನೆಗಳೇ ಮುಖ್ಯ.

ಇನ್ನೊಂದು ಕೊರತೆಯನ್ನೂ ಇಲ್ಲಿ ಹೇಳಬೇಕು. ನಮ್ಮ ಸೀಮೆಯ ಸೇವೆಯ ನೆನಪು ಬಹುಮಟ್ಟಿಗೆ ಬಾಯಿಮಾತಿನಲ್ಲಿದೆ. ಹಿರಿಯರು ಒಬ್ಬೊಬ್ಬರಾಗಿ ಕಣ್ಮರೆಯಾದಂತೆ ಅದೂ ಮರೆಯಾಗುತ್ತಿದೆ. ಶಿಬಿರದಲ್ಲಿ ರಾತ್ರಿಯಿಡೀ ದೀಪ ಹಿಡಿದವರು ಯಾರು, ಭೂಕಂಪದ ಮರುದಿನ ರೊಟ್ಟಿಯ ಗಂಟು ಹೊತ್ತು ನಡೆದವರು ಯಾರು ಎಂಬುದನ್ನು ಬರೆದಿಡದಿದ್ದರೆ ಮುಂದಿನವರು ಇದನ್ನೆಲ್ಲ ಸರಕಾರವೇ ಮಾಡಿತೆಂದು ತಿಳಿದಾರು. ಶತಮಾನೋತ್ಸವದ ಈ ವರ್ಷದಲ್ಲಿ ಹಳೆಯ ವಿದ್ಯಾರ್ಥಿಗಳು ತಮ್ಮ ಊರಿನ ಹಿರಿಯರನ್ನು ಕಂಡು ಅವರ ನೆನಪುಗಳನ್ನು ಕನ್ನಡದಲ್ಲಿ ಬರೆದು ಶಾಲೆಯ ಗ್ರಂಥಾಲಯಕ್ಕೆ ಒಪ್ಪಿಸಲಿ. ಶಿಕ್ಷಕರು ಆ ಹಾಳೆಗಳನ್ನು ಮಕ್ಕಳಿಂದ ಓದಿಸಲಿ. ಪಾಲಕರು ಮುಂದಿನ ಕಣ್ಣಿನ ತಪಾಸಣೆಯ ದಿನ ತಮ್ಮ ಮಕ್ಕಳನ್ನು ಹೆಸರು ಬರೆಯುವ ಮೇಜಿನ ಬಳಿಗೆ ಕಳುಹಿಸಿಕೊಡಲಿ. ಶಾಲೆಯ ಎರಡನೆಯ ಶತಮಾನ ಹೀಗೆ ಆರಂಭವಾದರೆ ಅದಕ್ಕಿಂತ ಹೆಚ್ಚಿನ ಉತ್ಸವ ಬೇರೆ ಬೇಡ.