ಖಾಲಿ ಒರೆಯ ಸಾಕ್ಷ್ಯ

ಆರ್.ಟಿ. ನಗರಕ್ಕೆ ಸಮೀಪದ ಮುನಿರೆಡ್ಡಿಪಾಳ್ಯದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಮೊದಲ ಮಹಾಯುದ್ಧದಲ್ಲಿ ಮಡಿದ ನಮ್ಮ ಸಂಸ್ಥಾನದ ಅಶ್ವಸೈನಿಕರ ನೆನಪಿಗೆ ನಿಲ್ಲಿಸಿದ್ದು. 1918ರ ಸೆಪ್ಟೆಂಬರ್ 23ರಂದು ಇವರು ಜೋಧಪುರದ ಸವಾರರ ಜೊತೆ ಸೇರಿ ಹೈಫಾ ಪಟ್ಟಣವನ್ನು ಗೆದ್ದರು. ಅಂಥ ಪರಂಪರೆಯ ಊರಲ್ಲಿ ಹಳೆಯ ಪಿಸ್ತೂಲಿನ ಚರ್ಮದ ಒರೆಯೊಂದು ಕೈಗೆ ಸಿಕ್ಕರೆ, ‘ಇದು ಹೈಫಾದ್ದೇ’ ಎನ್ನುವ ಆಸೆ ಸಹಜ. ಹಳೆಯ ಸಾಮಾನು ಮಾರುವವನಿಗೂ ಆ ಮಾತಿನಿಂದ ಲಾಭ. ನಿಜ ತಿಳಿಯಬೇಕಾದರೆ ಒರೆಯನ್ನೇ ಕೇಳಬೇಕು.

ಚರ್ಮ ತಾನು ಹೊತ್ತದ್ದನ್ನು ಬೇಗ ಮರೆಯುವುದಿಲ್ಲ. ರಿವಾಲ್ವರಿನ ಗುಂಡು ತುಂಬುವ ಉರುಳೆ ಕೂತಿದ್ದ ಕಡೆ ಉಬ್ಬು ಉಳಿದಿರುತ್ತದೆ. ನಳಿಗೆಯ ತುದಿಯ ಗುರಿಕಣ್ಣು ಒಳಗೋಡೆಯಲ್ಲಿ ಗೀರು ಎಳೆದಿರುತ್ತದೆ. ಉಬ್ಬಿನಿಂದ ಒರೆಯ ತಳದವರೆಗೆ ಅಳೆದರೆ ನಳಿಗೆ ಎಷ್ಟು ಉದ್ದವಿತ್ತೆಂಬ ಅಂದಾಜು ಸಿಗುತ್ತದೆ.

ಬ್ರಿಟಿಷ್ ಸೇನೆ 1915ರಲ್ಲಿ ಒಪ್ಪಿಕೊಂಡ ವೆಬ್ಲಿ ಮಾರ್ಕ್ 6 ರಿವಾಲ್ವರಿನ ನಳಿಗೆ 6 ಇಂಚು. ಅದಕ್ಕೂ ಹಿಂದಿನ ಮಾರ್ಕ್ 4, ಮಾರ್ಕ್ 5ರದ್ದು ಸಾಮಾನ್ಯವಾಗಿ 4 ಇಂಚು. ಎನ್‌ಫೀಲ್ಡ್ ನಂಬರ್ 2ರದ್ದು 5 ಇಂಚು. ಅದರ ಉರುಳೆಯೂ ಸಣ್ಣದು. ಅದು ಸೇನೆಗೆ ಬಂದದ್ದು 1930ರ ದಶಕದಲ್ಲಿ. ಹಾಗಾಗಿ ಎನ್‌ಫೀಲ್ಡಿಗೆ ಹೊಲಿದ ಒರೆ ಹೈಫಾ ಕಂಡಿರಲು ಸಾಧ್ಯವೇ ಇಲ್ಲ. ಜರ್ಮನಿಯ ಲೂಗರ್ ಪಿಸ್ತೂಲಿನ ಒರೆಯನ್ನು ಗುರುತಿಸುವುದು ಇನ್ನೂ ಸುಲಭ: ಹೆಚ್ಚುವರಿ ಮ್ಯಾಗಜಿನ್ ಇಡಲು ಅದರ ಅಂಚಿನಲ್ಲೇ ಕಿಸೆ ಇರುತ್ತದೆ.

ಇಷ್ಟೆಲ್ಲ ಹೊಂದಿದರೂ ಒಂದು ಪ್ರಶ್ನೆ ಉಳಿಯುತ್ತದೆ. ಲ್ಯಾನ್ಸರ್ ಎಂದರೆ ಭರ್ಜಿಯ ಸವಾರ. ಹೈಫಾದ ದಾಳಿ ನಡೆದದ್ದು ಭರ್ಜಿ, ಕತ್ತಿಗಳಿಂದ. ರಿವಾಲ್ವರ್ ಮುಖ್ಯವಾಗಿ ಅಧಿಕಾರಿಗಳ ಆಯುಧ. ಒರೆ ಅಸಲಿಯಾದರೂ ಅದು ಸ್ಮಾರಕದ ಸಾಮಾನ್ಯ ಸವಾರನ ಕಥೆಯನ್ನು ಹೇಳಲಾರದು. ಸಂಗ್ರಹಗಳಲ್ಲಿ ಅಧಿಕಾರಿಯ ಸೊಂಟದ ವಸ್ತು ಉಳಿಯುತ್ತದೆ, ಸವಾರನ ಬಿದಿರಿನ ಭರ್ಜಿ ಮುರಿದುಹೋಗುತ್ತದೆ.

ಮನೆಯ ಪೆಟ್ಟಿಗೆಯಲ್ಲಿ ಇಂಥದ್ದೊಂದು ಇದ್ದರೆ ಎಣ್ಣೆ ಸುರಿದು ಮೆದು ಮಾಡಬೇಡಿ, ಹಿತ್ತಾಳೆ ಗುಂಡಿಯ ಕಿಲುಬು ತೆಗೆಯುವ ಭರದಲ್ಲಿ ಅದರ ಸುತ್ತಲಿನ ಮುದ್ರೆಯನ್ನು ಉಜ್ಜಬೇಡಿ, ಬೇರೆ ಪಿಸ್ತೂಲನ್ನು ಒತ್ತಿ ತುರುಕಬೇಡಿ. ಹಾಗೆ ಮಾಡಿದರೆ ಹಳೆಯ ಉಬ್ಬು ಹೋಗಿ ಹೊಸದು ಮೂಡುತ್ತದೆ. ಒರೆಯ ಜೊತೆ ಬಂದ ಕಾಗದ, ಫೋಟೋಗಳನ್ನು ಬೇರೆ ಮಾಡದೆ ಇಡಿ. ಯಾವ ಪಿಸ್ತೂಲು ಎಂಬುದನ್ನು ಚರ್ಮ ಹೇಳಬಲ್ಲದು. ಯಾರ ಸೊಂಟದಲ್ಲಿತ್ತು ಎಂಬುದನ್ನು ಕಾಗದವೇ ಹೇಳಬೇಕು.