ಉಗುರಿನಿಂದ ಹೋಗುವುದಕ್ಕೆ ಕೊಡಲಿಯೇಕೆ?

‘ಉಗುರಿನಿಂದ ಹೋಗುವುದಕ್ಕೆ ಕೊಡಲಿಯೇಕೆ’ ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಹೆಂಗಸರ ಗರ್ಭಕಂಠದ ಕ್ಯಾನ್ಸರಿಗೆ ಈ ಮಾತು ಸರಿಯಾಗಿ ಒಪ್ಪುತ್ತದೆ. ಗರ್ಭಕೋಶದ ಬಾಯಿಯಲ್ಲಿ ಹುಟ್ಟುವ ಈ ರೋಗ ಒಂದು ದಿನದಲ್ಲಿ ಬರುವುದಲ್ಲ. ಮೊದಲ ಬದಲಾವಣೆ ಕ್ಯಾನ್ಸರ್ ಆಗಿ ಬಲಿಯಲು ಸಾಮಾನ್ಯವಾಗಿ ಹತ್ತು ಹದಿನೈದು ವರ್ಷ ಬೇಕು. ಆ ಕಾಲದಲ್ಲಿ ನೋವಿಲ್ಲ, ಜ್ವರವಿಲ್ಲ; ಆದರೆ ಹುಡುಕಿದರೆ ಸಿಗುತ್ತದೆ. ಹುಡುಕುವುದನ್ನು ಮನುಷ್ಯ ಹೇಗೆ ಕಲಿತ ಎಂಬುದು ತಿಳಿಯಬೇಕಾದ ಇತಿಹಾಸ.

ಗ್ರೀಸ್ ದೇಶದಲ್ಲಿ 1883ರಲ್ಲಿ ಹುಟ್ಟಿದ ಜಾರ್ಜ್ ಪಾಪಾನಿಕೊಲಾವ್ 1913ರಲ್ಲಿ ಹೆಂಡತಿ ಆಂಡ್ರೊಮಾಕಿಯೊಡನೆ ಅಮೆರಿಕಕ್ಕೆ ಹೋದರು. ನ್ಯೂಯಾರ್ಕಿನಲ್ಲಿ ಗಿನಿ ಇಲಿಗಳ ಜೀವಕೋಶಗಳನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಿದ್ದವರು ಮುಂದೆ ಹೆಂಗಸರ ಜೀವಕೋಶಗಳ ಅಧ್ಯಯನಕ್ಕೆ ತೊಡಗಿದರು. ಇದಕ್ಕಾಗಿ ವರ್ಷಗಟ್ಟಲೆ ತನ್ನ ಮಾದರಿಯನ್ನು ಕೊಟ್ಟವಳು ಸ್ವಂತ ಹೆಂಡತಿ. ಗರ್ಭಕಂಠದ ಬಳಿಯಿಂದ ತೆಗೆದ ದ್ರವದಲ್ಲಿ ಕ್ಯಾನ್ಸರಿನ ಕೋಶಗಳನ್ನು ಗುರುತಿಸಬಹುದೆಂದು 1928ರಲ್ಲಿ ಹೇಳಿದಾಗ ವೈದ್ಯರು ಅಷ್ಟಾಗಿ ಕಿವಿಗೊಡಲಿಲ್ಲ. ರುಮೇನಿಯದ ಆರೆಲ್ ಬಾಬೆಷ್ 1927ರಲ್ಲೇ ಇಂಥದೇ ಮಾತು ಹೇಳಿದ್ದರು. ಪಾಪಾನಿಕೊಲಾವ್ ಮತ್ತು ಹರ್ಬರ್ಟ್ ಟ್ರೌಟ್ ಸೇರಿ 1941ರಲ್ಲಿ ಲೇಖನವನ್ನೂ 1943ರಲ್ಲಿ ಪುಸ್ತಕವನ್ನೂ ಪ್ರಕಟಿಸಿದ ಮೇಲೆಯೇ ‘ಪ್ಯಾಪ್ ಪರೀಕ್ಷೆ’ ಲೋಕಕ್ಕೆಲ್ಲ ಹಬ್ಬಿತು.

ಈ ರೋಗದ ಬೇರು ಒಂದು ವೈರಸ್ ಎಂಬುದು ಆಮೇಲೆ ತಿಳಿಯಿತು. ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್ 1983ರಲ್ಲಿ ಗರ್ಭಕಂಠದ ಗಡ್ಡೆಗಳಲ್ಲಿ ಎಚ್‌ಪಿವಿ ವೈರಸ್ಸಿನ 16ನೆಯ ಬಗೆಯನ್ನು ಕಂಡುಹಿಡಿದರು. 2008ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಹಾಗಾಗಿ ವೈರಸ್ಸನ್ನೇ ಹುಡುಕುವ ಪರೀಕ್ಷೆಯೂ ಬಂತು.

ಆದರೆ ಹಳ್ಳಿಯ ಬಡ ಹೆಂಗಸಿಗೆ ಯಾವ ಪರೀಕ್ಷೆ? ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಬೀದರ, ಕಲಬುರಗಿಗಳ ಗಡಿಗೆ ತಾಗಿದ ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯಲ್ಲಿ. ಈಗ ಅದಕ್ಕೆ ಧಾರಾಶಿವ ಎಂದು ಹೆಸರು. ಮುಂಬಯಿಯ ಟಾಟಾ ಸ್ಮಾರಕ ಕೇಂದ್ರ ಮತ್ತು ಬಾರ್ಶಿಯ ನರ್ಗಿಸ್ ದತ್ ಆಸ್ಪತ್ರೆಯವರು 2000ದಿಂದ 1,31,746 ಹೆಂಗಸರನ್ನು ನಾಲ್ಕು ಗುಂಪು ಮಾಡಿದರು. ಒಂದಕ್ಕೆ ಎಚ್‌ಪಿವಿ ಪರೀಕ್ಷೆ, ಒಂದಕ್ಕೆ ಪ್ಯಾಪ್, ಇನ್ನೊಂದಕ್ಕೆ ವಿನಿಗರ್ ಪರೀಕ್ಷೆ. ನಾಲ್ಕನೆಯದಕ್ಕೆ ಆಗ ರೂಢಿಯಲ್ಲಿದ್ದ ಆರೈಕೆ ಮಾತ್ರ. ಎಂಟು ವರ್ಷದ ಲೆಕ್ಕ 2009ರಲ್ಲಿ ಹೊರಬಂತು. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆಯಾದ ಗುಂಪಿನಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 34, ಪರೀಕ್ಷೆಯಿಲ್ಲದ ಗುಂಪಿನಲ್ಲಿ 64.

ನಾನು ಬ್ಯಾಂಕಿನ ಗುಮಾಸ್ತನಾಗಿದ್ದವನು, ಅಂಕಿಗಳನ್ನು ಕೂಡಿಸಿ ಕಳೆದು ಬಾಳಿದವನು. ಈ ಎರಡು ಅಂಕಿಗಳನ್ನು ಮಾತ್ರ ಸುಮ್ಮನೆ ದಾಟಲಾಗಲಿಲ್ಲ. ಆ 64 ಮಂದಿಗೆ ಪರೀಕ್ಷೆ ಕೊಡದಿದ್ದದ್ದು ನ್ಯಾಯವೇ ಎಂದು ವಿದ್ವಾಂಸರು ವಾದಿಸಿದ್ದಾರೆ, ವಾದ ಬೇಕಾದದ್ದೇ. ನಮಗೆ ಉಳಿದಿರುವುದು ಅವರ ಋಣ.

ವಿನಿಗರ್ ಪರೀಕ್ಷೆ ಎಂದೆನಲ್ಲ, ಅದು ತೀರ ಸರಳ. ನೀರು ಬೆರೆಸಿದ ಅಸೆಟಿಕ್ ಆಮ್ಲವನ್ನು ಗರ್ಭಕಂಠಕ್ಕೆ ಹಚ್ಚಿ ಒಂದು ನಿಮಿಷ ಕಾದರೆ ಕೆಟ್ಟ ಜಾಗ ಬೆಳ್ಳಗಾಗುತ್ತದೆ. ಉಸ್ಮಾನಾಬಾದಿನಲ್ಲಿ ಒಮ್ಮೆ ಮಾತ್ರ ಮಾಡಿದಾಗ ಇದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಆದರೆ ಮುಂಬಯಿಯ ಕೊಳೆಗೇರಿಗಳಲ್ಲಿ 1998ರಿಂದ ಎರಡು ವರ್ಷಕ್ಕೊಮ್ಮೆಯಂತೆ ನಾಲ್ಕು ಸಲ ಮಾಡಿದಾಗ ಸಾವು ಶೇಕಡಾ 31ರಷ್ಟು ಇಳಿಯಿತು. ಅಲ್ಲಿ ಪರೀಕ್ಷೆ ಮಾಡಿದವರು ಡಾಕ್ಟರರಲ್ಲ, ಹತ್ತನೆಯ ತರಗತಿಯವರೆಗೆ ಓದಿ ತರಬೇತಿ ಪಡೆದ ಸಾಮಾನ್ಯ ಹೆಂಗಸರು.

ಇಷ್ಟಾದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಭಾರತದಲ್ಲಿ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಎಂದಾದರೂ ಈ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ.

ಗೋವಾ ವಿಮೋಚನೆಯಾದ 1961ರ ನಂತರ ಬಿಜಾಪುರ, ಗದಗ, ಹಾವೇರಿ ಕಡೆಯಿಂದ ಎಷ್ಟೋ ಕನ್ನಡದ ಸಂಸಾರಗಳು ಇಲ್ಲಿಗೆ ಬಂದವು. ವಾಸ್ಕೋದಲ್ಲಿ, ಝುವಾರಿನಗರದಲ್ಲಿ ನಮ್ಮ ತಾಯಂದಿರು ಇಟ್ಟಿಗೆ ಹೊತ್ತರು, ಮೀನು ಮಾರಿದರು, ಮನೆಗೆಲಸ ಮಾಡಿದರು. ದವಾಖಾನೆಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ಕೊಂಕಣಿ ಬಾರದು. ಎಲ್ಲಕ್ಕಿಂತ ಮೇಲೆ ಸಂಕೋಚ. ‘ಈ ವಯಸ್ಸಿನಲ್ಲಿ ಅದೆಲ್ಲ ಯಾಕೆ’ ಎಂದು ಮನೆಯ ಗಂಡಸರೂ ತಡೆಯುತ್ತೇವೆ.

ಓದುವ ಅಕ್ಕಂದಿರೇ, ನಮ್ಮ ಸರ್ಕಾರದ 2016ರ ಮಾರ್ಗಸೂಚಿಯಲ್ಲಿ 30ರಿಂದ 65ರವರೆಗಿನ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಪರೀಕ್ಷೆಯಾಗಬೇಕೆಂದಿದೆ. ನಿಮ್ಮ ಹತ್ತಿರದ ಆರೋಗ್ಯ ಕೇಂದ್ರದಲ್ಲೋ ಬಾಂಬೋಳಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೋ ವಿಚಾರಿಸಿ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಶಿಬಿರಕ್ಕಾಗಿ ಕಾಯದೆ ಕೂಡಲೇ ಡಾಕ್ಟರರನ್ನು ಕಾಣಿ. ಓದುವ ಅಣ್ಣಂದಿರೇ, ಅಂದು ಒಂದು ದಿನ ರಜೆ ಹಾಕಿ, ಜೊತೆಯಲ್ಲಿ ಹೋಗಿ, ಹೊರಗೆ ಬೆಂಚಿನ ಮೇಲೆ ಕುಳಿತುಕೊಳ್ಳಿ. ಅಷ್ಟು ಮಾಡಿದರೆ ಸಾಕು.