ಪ್ರೆಸ್ಟನ್ನಿನ ಪ್ಲಂಬರ್: ಟಾಮ್ ಫಿನ್ನಿ ವೃತ್ತಿಜೀವನದಲ್ಲಿ ‘ನಿಷ್ಠೆ’ ಎಂಬ ಪದದ ಬಗ್ಗೆ ಒಂದು ಟಿಪ್ಪಣಿ

ಟಾಮ್ ಫಿನ್ನಿ ಇಂಗ್ಲಿಷ್ ಲೀಗಿನಲ್ಲಿ ಆಡಿದ್ದು ಒಂದೇ ಕ್ಲಬ್ಬಿಗೆ. 1946ರಿಂದ 1960ರವರೆಗೆ ಪ್ರೆಸ್ಟನ್ ನಾರ್ತ್ ಎಂಡ್ ಪರ 433 ಲೀಗ್ ಪಂದ್ಯ ಆಡಿ 187 ಗೋಲು ಹೊಡೆದರು. ಇಂಗ್ಲೆಂಡಿನ ಅಂಗಿಯಲ್ಲಿ 76 ಪಂದ್ಯ, 30 ಗೋಲು. 2014ರ ಫೆಬ್ರವರಿ 14ರಂದು, 91ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಬಂದ ಬರಹಗಳಲ್ಲಿ ಮತ್ತೆ ಮತ್ತೆ ಕಾಣುವ ಮಾತು ನಿಷ್ಠೆ. ಉಂಡ ಮನೆಗೆ ಎರಡು ಬಗೆಯದ ಆಟಗಾರ, ಹಣಕ್ಕೆ ಮಾರಿಕೊಳ್ಳದ ಕಾಲದ ಕೊನೆಯ ಕುಡಿ ಎಂಬ ಧಾಟಿ. ಅವರ ಸಜ್ಜನಿಕೆಯ ಬಗ್ಗೆ ನನಗೆ ಅನುಮಾನವಿಲ್ಲ. ವೃತ್ತಿಜೀವನದುದ್ದಕ್ಕೂ ರೆಫರಿಯ ಪುಸ್ತಕದಲ್ಲಿ ಒಮ್ಮೆಯೂ ಹೆಸರು ಬರೆಸಿಕೊಳ್ಳದ ಮನುಷ್ಯ ಅವರು. ಆದರೆ ಬಿಟ್ಟುಹೋಗುವ ಹಕ್ಕೇ ಇಲ್ಲದಿದ್ದ ವ್ಯವಸ್ಥೆಯೊಳಗೆ ಒಬ್ಬ ಉಳಿದುಕೊಂಡದ್ದನ್ನು ನಿಷ್ಠೆ ಎಂದು ಓದಬಹುದೆ? ಈ ಟಿಪ್ಪಣಿಯ ಪ್ರಶ್ನೆ ಇಷ್ಟೇ.

ಮೊದಲು ಅಂಕಿಗಳನ್ನು ಸ್ವಲ್ಪ ಸರಿಪಡಿಸಿಕೊಳ್ಳಬೇಕು. ಫಿನ್ನಿ ಹುಟ್ಟಿದ್ದು 1922ರ ಏಪ್ರಿಲ್ 5ರಂದು, ಲ್ಯಾಂಕಷೈರಿನ ಪ್ರೆಸ್ಟನ್ ಊರಿನಲ್ಲಿ, ಕ್ಲಬ್ಬಿನ ಡೀಪ್‌ಡೇಲ್ ಮೈದಾನಕ್ಕೆ ಸಮೀಪದಲ್ಲೇ. ಲೀಗಿನಲ್ಲಿ ಮೊದಲ ಪಂದ್ಯ ಆಡಿದ್ದು 1946ರ ಆಗಸ್ಟ್ 31ರಂದು, ಲೀಡ್ಸ್ ಯುನೈಟೆಡ್ ವಿರುದ್ಧ. ಆಗ ಅವರಿಗೆ 24 ವರ್ಷ. ಇಷ್ಟು ತಡವಾಗಲು ಯುದ್ಧ ಕಾರಣ. ವೃತ್ತಿಪರ ಕರಾರಿಗೆ ಸಹಿ ಹಾಕಿದ್ದು 1940ರಲ್ಲೇ. 1941ರಲ್ಲಿ ಪ್ರೆಸ್ಟನ್ ಯುದ್ಧಕಾಲದ ಕಪ್ ಫೈನಲ್ ತಲುಪಿತು. ವೆಂಬ್ಲಿಯಲ್ಲಿ ಆರ್ಸೆನಲ್ ವಿರುದ್ಧ 1-1, ಬ್ಲ್ಯಾಕ್‌ಬರ್ನ್‌ನ ಈವುಡ್ ಪಾರ್ಕಿನಲ್ಲಿ ನಡೆದ ಮರುಪಂದ್ಯದಲ್ಲಿ 2-1 ಗೆಲುವು. ಬಲ ಅಂಚಿನಲ್ಲಿ ಆಡಿದ ಹುಡುಗನಿಗೆ ಆಗ 19. ಮರುವರ್ಷ ಸೇನೆಗೆ ಕರೆ ಬಂತು. ಈಜಿಪ್ಟ್‌ಗೆ ಹೋಗಿ, ಅಲ್ಲಿಂದ ಇಟಲಿಗೆ ದಾಟಿ, 1945ರ ಏಪ್ರಿಲ್‌ನ ಅರ್ಜೆಂಟಾ ಕಾಳಗದಲ್ಲಿ ಸ್ಟುವರ್ಟ್ ಟ್ಯಾಂಕ್ ಓಡಿಸಿದರು. ಯುದ್ಧಕಾಲದ ಪಂದ್ಯಗಳು ಅಧಿಕೃತ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ 433 ಎಂಬ ಸಂಖ್ಯೆಯಲ್ಲಿ ಕಾಣುವುದು ವೃತ್ತಿಜೀವನದ ಉತ್ತರಾರ್ಧ ಎಂದರೂ ನಡೆದೀತು.

ಆಟದ ಬಗೆ ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಫಿನ್ನಿ ಹುಟ್ಟಾ ಎಡಗಾಲಿನವರು. ಬಲಗಾಲನ್ನು ಹುಡುಗುತನದಲ್ಲೇ ಪಟ್ಟುಹಿಡಿದು ಪಳಗಿಸಿದರು. ಅಂದಿನ ಆಟದಲ್ಲಿ ವಿಂಗರ್ ಎಂದರೆ ಸುಣ್ಣದ ಗೆರೆಗೆ ಅಂಟಿಕೊಂಡು, ಎದುರಿಗಿರುವ ಫುಲ್‌ಬ್ಯಾಕನ್ನು ದಾಟಿ, ನಡುವಿನ ಸೆಂಟರ್ ಫಾರ್ವರ್ಡ್‌ಗೆ ಚೆಂಡು ಎತ್ತಿಕೊಡುವವನು. ಅವನು ಯಾವ ದಿಕ್ಕಿಗೆ ಹೊರಳುತ್ತಾನೆಂಬುದು ಫುಲ್‌ಬ್ಯಾಕ್‌ಗೆ ಮೊದಲೇ ಗೊತ್ತಿರುತ್ತಿತ್ತು. ಫಿನ್ನಿ ವಿಷಯದಲ್ಲಿ ಗೊತ್ತಿರಲಿಲ್ಲ. ಗೆರೆಯ ಕಡೆಗೂ ಹೋಗಬಲ್ಲರು, ಒಳಕ್ಕೆ ತಿರುಗಿ ಎಡಗಾಲಿನಲ್ಲಿ ಗೋಲಿಗೂ ಹೊಡೆಯಬಲ್ಲರು. 76 ಅಂತರರಾಷ್ಟ್ರೀಯ ಪಂದ್ಯಗಳಲ್ಲಿ 40 ಬಲ ಅಂಚಿನಲ್ಲಿ, 33 ಎಡ ಅಂಚಿನಲ್ಲಿ, 3 ಸೆಂಟರ್ ಫಾರ್ವರ್ಡ್ ಆಗಿ ಎಂಬ ಹಂಚಿಕೆಯೇ ಇದಕ್ಕೆ ಸಾಕ್ಷಿ.

ಎಡ ಅಂಚಿನ ಆ 33ರ ಹಿಂದೆ ಬಲ ಅಂಚಿನ ಇನ್ನೊಬ್ಬ ದೊಡ್ಡ ಆಟಗಾರ ಸ್ಟ್ಯಾನ್ಲಿ ಮ್ಯಾಥ್ಯೂಸ್ ಇದ್ದಾರೆ. ಬಲ ಅಂಚಿಗೆ ಯಾರು ಎಂಬ ಜಗಳ ಇಂಗ್ಲೆಂಡಿನ ಪತ್ರಿಕೆಗಳಲ್ಲಿ ವರ್ಷಗಟ್ಟಲೆ ನಡೆಯಿತು. 1946ರ ಸೆಪ್ಟೆಂಬರ್ 28ರಂದು ಬೆಲ್‌ಫಾಸ್ಟಿನ ವಿಂಡ್ಸರ್ ಪಾರ್ಕಿನಲ್ಲಿ ಫಿನ್ನಿ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿದ್ದು ಮ್ಯಾಥ್ಯೂಸ್ ಗಾಯಗೊಂಡಿದ್ದರಿಂದ. ಉತ್ತರ ಐರ್ಲೆಂಡ್ ವಿರುದ್ಧ ಇಂಗ್ಲೆಂಡ್ 7-2ರಿಂದ ಗೆದ್ದಿತು, ಒಂದು ಗೋಲು ಫಿನ್ನಿಯವರದು. ಜಗಳ ತೀರಿಸುವ ದಾರಿ 1947ರ ಮೇ 25ರಂದು ಲಿಸ್ಬನ್‌ನಲ್ಲಿ ಸಿಕ್ಕಿತು. ಮ್ಯಾಥ್ಯೂಸ್ ಬಲಕ್ಕೆ, ಫಿನ್ನಿ ಎಡಕ್ಕೆ. ಪೋರ್ಚುಗಲ್ 0, ಇಂಗ್ಲೆಂಡ್ 10. ಲಾಟನ್ ಮತ್ತು ಮಾರ್ಟೆನ್ಸನ್ ನಾಲ್ಕು ನಾಲ್ಕು, ಅಂಚಿನ ಇಬ್ಬರೂ ಒಂದೊಂದು. ಮರುವರ್ಷ ಟ್ಯೂರಿನ್‌ನಲ್ಲಿ ಇಟಲಿಯನ್ನು 4-0ರಿಂದ ಸೋಲಿಸಿದಾಗ ಎರಡು ಗೋಲು ಫಿನ್ನಿಯವರವು. ಒಬ್ಬರನ್ನು ಆರಿಸಲೇಬೇಕು ಎಂದು ಹಟ ಹಿಡಿದವರು ಈ ಎರಡು ಪಂದ್ಯಗಳನ್ನು ಏಕೆ ಮರೆತರೋ ತಿಳಿಯದು.

ಇನ್ನು ಮುಖ್ಯ ವಿಷಯ. ಅಂದಿನ ಇಂಗ್ಲಿಷ್ ಲೀಗಿನಲ್ಲಿ ಆಟಗಾರನ ಕರಾರು ಒಂದು ವರ್ಷದ್ದು. ಋತು ಮುಗಿದಾಗ ಕ್ಲಬ್ಬು ಎರಡು ಪಟ್ಟಿ ಮಾಡುತ್ತಿತ್ತು: ಉಳಿಸಿಕೊಳ್ಳುವವರು, ಬಿಟ್ಟುಕೊಡುವವರು. ಮೊದಲ ಪಟ್ಟಿಯಲ್ಲಿ ಹೆಸರಿದ್ದರೆ, ಹೊಸ ಕರಾರಿಗೆ ಸಹಿ ಹಾಕಲು ಆಟಗಾರ ಒಪ್ಪದಿದ್ದರೂ ಅವನ ನೋಂದಣಿ ಕ್ಲಬ್ಬಿನ ಕೈಯಲ್ಲೇ ಉಳಿಯುತ್ತಿತ್ತು. ಕರಾರು ಮುಗಿದರೂ ಕಟ್ಟು ಬಿಚ್ಚುತ್ತಿರಲಿಲ್ಲ. ಇನ್ನೊಂದು ಕ್ಲಬ್ಬಿಗೆ ಹೋಗಬೇಕಾದರೆ ಹಳೆಯ ಕ್ಲಬ್ಬಿನ ಒಪ್ಪಿಗೆ ಬೇಕು, ಹೋದಾಗ ಬರುವ ಮೊತ್ತವೂ ಹಳೆಯ ಕ್ಲಬ್ಬಿಗೇ. ಆಟಗಾರನ ಪಾಲಿಗೆ ಸಹಿಯ ಕಾಣಿಕೆ 10 ಪೌಂಡ್. ಇದರ ಮೇಲೆ ಗರಿಷ್ಠ ವೇತನದ ಮಿತಿ ಬೇರೆ. 1901ರಲ್ಲಿ ವಾರಕ್ಕೆ 4 ಪೌಂಡ್ ಎಂದು ಶುರುವಾದ ಅದು 1951ರ ಹೊತ್ತಿಗೆ 14ಕ್ಕೆ, 1958ಕ್ಕೆ 20ಕ್ಕೆ ಬಂದು ನಿಂತಿತ್ತು. ಬೇಸಿಗೆಯಲ್ಲಿ ಆಟವಿಲ್ಲದ ವಾರಗಳಿಗೆ ಇನ್ನೂ ಕಡಿಮೆ. ದೇಶದ ಅತ್ಯುತ್ತಮ ವಿಂಗರ್‌ಗೂ ಅದೇ ಮಿತಿ, ಅವನ ಪಕ್ಕದಲ್ಲಿ ಆಡುವ ಸಾಧಾರಣ ಆಟಗಾರನಿಗೂ ಅದೇ ಮಿತಿ. ಹೀಗಿರುವಾಗ ಇಂಗ್ಲೆಂಡಿನೊಳಗೆ ಕ್ಲಬ್ ಬದಲಿಸಿದರೆ ಸಂಬಳದಲ್ಲಿ ಏನೂ ಹೆಚ್ಚುತ್ತಿರಲಿಲ್ಲ. ಹಣದ ಆಸೆಗೆ ಬಲಿಯಾಗಲಿಲ್ಲ ಎಂದು ಆ ಪೀಳಿಗೆಯನ್ನು ಹೊಗಳುವ ಮುನ್ನ ಆ ಆಸೆಗೆ ಎಡೆ ಎಲ್ಲಿತ್ತು ಎಂದು ನೋಡಬೇಕು.

ಎಡೆ ಇದ್ದದ್ದು ಹೊರದೇಶದಲ್ಲಿ. 1952ರ ಮೇ ತಿಂಗಳಲ್ಲಿ ಇಂಗ್ಲೆಂಡ್ ತಂಡ ಇಟಲಿ ಪ್ರವಾಸದಲ್ಲಿತ್ತು. ಫ್ಲಾರೆನ್ಸಿನಲ್ಲಿ 18ರಂದು ನಡೆದ ಪಂದ್ಯ 1-1 ಆಯಿತು. ಆ ಪ್ರವಾಸದಲ್ಲೇ ಸಿಸಿಲಿಯ ಪಲೆರ್ಮೊ ಕ್ಲಬ್ಬಿನ ಅಧ್ಯಕ್ಷ, ಪ್ರಿನ್ಸ್ ಬಿರುದಿನ ರೈಮೊಂಡೊ ಲಾಂಜಾ ದಿ ತ್ರಾಬಿಯಾ ಫಿನ್ನಿಯವರ ಮುಂದೆ ಒಂದು ಪ್ರಸ್ತಾವ ಇಟ್ಟರು. ಸಹಿಗೆ 10,000 ಪೌಂಡ್, ತಿಂಗಳಿಗೆ 130 ಪೌಂಡ್, ಗೆದ್ದರೆ ಬೋನಸ್, ಇರಲು ಬಂಗಲೆ, ಓಡಾಡಲು ಕಾರು, ಹೆಂಡತಿ ಮಕ್ಕಳ ಪ್ರಯಾಣದ ಖರ್ಚು. ವಾರಕ್ಕೆ 14 ಪೌಂಡಿನಂತೆ ವರ್ಷದ 52 ವಾರವೂ ಸಂಬಳ ಸಿಕ್ಕಿತೆಂದು ಉದಾರವಾಗಿ ಲೆಕ್ಕ ಹಾಕಿದರೂ ವರ್ಷಕ್ಕೆ 728 ಪೌಂಡ್. ಬರೀ ಸಹಿಯ ಹಣವೇ ಸುಮಾರು ಹದಿನಾಲ್ಕು ವರ್ಷದ ದುಡಿಮೆ. ಫಿನ್ನಿಗೆ ಆಗ ಮೂವತ್ತು.

ಮುಂದೆ ಆದದ್ದಕ್ಕೆ ಮುಖ್ಯ ಸಾಕ್ಷಿ ಫಿನ್ನಿ ಅವರೇ, ಅದೂ ಬಹುಕಾಲದ ನಂತರ ಹೇಳಿದ್ದು. ಆದ್ದರಿಂದ ಮಾತಿನ ಅಕ್ಷರಗಳಿಗೆ ಹೆಚ್ಚು ಬೆಲೆ ಕೊಡದೆ ಸಾರವನ್ನಷ್ಟೇ ತೆಗೆದುಕೊಳ್ಳುತ್ತೇನೆ. ಪ್ರೆಸ್ಟನ್‌ಗೆ ಮರಳಿ ಅವರು ವಿಷಯವನ್ನು ಕ್ಲಬ್ಬಿನ ಅಧ್ಯಕ್ಷ ನ್ಯಾಟ್ ಬಕ್ ಮುಂದಿಟ್ಟರು. ಬಕ್ ತಳ್ಳಿಹಾಕಿದರು: ಪ್ರೆಸ್ಟನ್‌ಗೆ ಆಡದಿದ್ದರೆ ಇನ್ಯಾರಿಗೂ ಆಡುವಂತಿಲ್ಲ ಎಂಬ ಅರ್ಥದಲ್ಲಿ. ಕಥೆ ಅಲ್ಲಿಗೆ ಮುಗಿಯಿತು. ಈ ಪ್ರಸಂಗವನ್ನು ಸಾಮಾನ್ಯವಾಗಿ ಊರ ಯಜಮಾನನೊಬ್ಬನ ಒರಟುತನದ ತಮಾಷೆಯಾಗಿ ಹೇಳುವುದುಂಟು. ನನಗೆ ಅದರಲ್ಲಿ ಒರಟುತನಕ್ಕಿಂತ ಕಾನೂನು ಕಾಣುತ್ತದೆ. ಬಕ್ ಬಾಯಿಂದ ಬಂದದ್ದು ನೋಂದಣಿ ನಿಯಮದ ಆಡುಮಾತಿನ ಅನುವಾದ, ಅಷ್ಟೇ. ಇನ್ನೂ ಒಂದು ಅಂಶ ಗಮನಿಸಬೇಕು. ಫಿನ್ನಿ ಪ್ರಸ್ತಾವವನ್ನು ಫ್ಲಾರೆನ್ಸಿನಲ್ಲೇ ನಿರಾಕರಿಸಿ ಬರಲಿಲ್ಲ, ಊರಿಗೆ ತಂದು ಕೇಳಿದರು. ಹೋಗುವ ಮನಸ್ಸು ಕಿಂಚಿತ್ತೂ ಇಲ್ಲದವರು ಕೇಳುವುದಿಲ್ಲ.

ಕೇಳದೆ ಹೋದವರೂ ಇದ್ದರು. ಸ್ಟೋಕ್ ಸಿಟಿಯ ಸೆಂಟರ್ ಹಾಫ್ ನೀಲ್ ಫ್ರಾಂಕ್ಲಿನ್ 1950ರಲ್ಲಿ, ವಿಶ್ವಕಪ್ ಮುಂದಿರುವಾಗಲೇ, ಕೊಲಂಬಿಯಾದ ಬೊಗೊಟಾಗೆ ಹೊರಟುಹೋದರು. ಅಲ್ಲಿನ ಲೀಗ್ ಆಗ ಫಿಫಾ ಕಟ್ಟಳೆಯ ಹೊರಗಿತ್ತು, ಆದ್ದರಿಂದ ಸ್ಟೋಕಿನ ಒಪ್ಪಿಗೆ ಬೇಕಿರಲಿಲ್ಲ. ಕೆಲವೇ ಪಂದ್ಯ ಆಡಿ ಹಿಂದಿರುಗಿದ ಅವರಿಗೆ ಅಮಾನತು ಕಾದಿತ್ತು. ಇಂಗ್ಲೆಂಡ್ ತಂಡ ಮತ್ತೆ ಅವರನ್ನು ಕರೆಯಲಿಲ್ಲ. ಫಿನ್ನಿಗೆ ಈ ಉದಾಹರಣೆ ಎರಡು ವರ್ಷ ಹಳೆಯದು, ಮರೆಯುವಷ್ಟು ಹಳೆಯದಲ್ಲ. ಇನ್ನೊಂದು ತುದಿಯಲ್ಲಿ ಜಾನ್ ಚಾರ್ಲ್ಸ್ ಇದ್ದಾರೆ. ವೇಲ್ಸಿನ ಈ ಆಟಗಾರನನ್ನು ಲೀಡ್ಸ್ 1957ರಲ್ಲಿ 65,000 ಪೌಂಡಿಗೆ ಯುವೆಂಟಸ್‌ಗೆ ಕೊಟ್ಟಿತು. ಹಿಂದಿನ ವರ್ಷ ಲೀಡ್ಸ್ ಮೈದಾನದ ಪಶ್ಚಿಮದ ಪ್ರೇಕ್ಷಕರ ಕಟ್ಟಡ ಬೆಂಕಿಗೆ ಆಹುತಿಯಾಗಿತ್ತು, ಕ್ಲಬ್ಬಿಗೆ ಹಣ ಬೇಕಿತ್ತು. ಮೂರೂ ಪ್ರಸಂಗಗಳನ್ನು ಸಾಲಾಗಿ ಇಟ್ಟರೆ ಇಟಲಿಯ ಬಾಗಿಲ ಕೀಲಿ ಯಾರ ಸೊಂಟದಲ್ಲಿತ್ತು ಎಂಬುದು ತಾನೇ ಗೊತ್ತಾಗುತ್ತದೆ.

ಆಟಗಾರರ ಸಂಘದವರು ಮುಂದೆ ಈ ಕರಾರನ್ನು ಗುಲಾಮಗಿರಿಗೆ ಹೋಲಿಸಿದರು. ಆ ಪದ ನನಗೆ ಅತಿ ಎನಿಸುತ್ತದೆ. ಆಟ ಬಿಟ್ಟು ಬೇರೆ ಕಸುಬಿಗೆ ಹೋಗುವುದಕ್ಕೆ ಯಾರ ತಡೆಯೂ ಇರಲಿಲ್ಲ. ಬಹಳಷ್ಟು ಆಟಗಾರರಿಗೆ ಬೇರೆ ಕಸುಬೇ ಇರಲಿಲ್ಲ ಎಂಬುದು ಬೇರೆ ಮಾತು. ಫಿನ್ನಿಗೆ ಇತ್ತು, ಮತ್ತು ಅವರ ಕಥೆ ಉಳಿದವರ ಕಥೆಯಿಂದ ಬೇರೆಯಾಗುವುದು ಇಲ್ಲೇ. ಹುಡುಗನನ್ನು ಕ್ಲಬ್ಬು ಮೈದಾನದ ಕೆಲಸಕ್ಕೆ ಸೇರಿಸಿಕೊಳ್ಳಲು ಬಂದಾಗ ತಂದೆ ಒಪ್ಪಲಿಲ್ಲ. ಮೊದಲು ಪ್ಲಂಬಿಂಗ್ ಕೆಲಸ ಕಲಿತು ಮುಗಿಸಲಿ, ಆಮೇಲೆ ಚೆಂಡು ಎಂದರು. ಪತ್ರಿಕೆಗಳು ‘ಪ್ರೆಸ್ಟನ್ ಪ್ಲಂಬರ್’ ಎಂದು ಹೆಸರಿಟ್ಟದ್ದು ಅಲಂಕಾರಕ್ಕಲ್ಲ. ಅಂತರರಾಷ್ಟ್ರೀಯ ಆಟಗಾರನಾದ ಮೇಲೂ ಅವರು ನಲ್ಲಿ, ಪೈಪುಗಳ ಕೆಲಸ ಮಾಡುತ್ತಿದ್ದರು. ಸೋದರನ ಜೊತೆ ಊರಿನಲ್ಲೇ ವ್ಯಾಪಾರ ಬೆಳೆಸಿದರು. ತಂಡವನ್ನು ‘ಪ್ಲಂಬರ್ ಮತ್ತು ಅವನ ಹತ್ತು ತೊಟ್ಟಿಕ್ಕುವ ನಲ್ಲಿಗಳು’ ಎಂದು ಹಂಗಿಸುವವರಿದ್ದರು. ಇಂಗ್ಲಿಷಿನಲ್ಲಿ ತೊಟ್ಟಿಕ್ಕುವ ಹನಿಗೂ ಪೆದ್ದನಿಗೂ ಒಂದೇ ಪದವಿರುವುದರಿಂದ ಹುಟ್ಟಿದ ಹಾಸ್ಯ ಇದು, ಉಳಿದ ಹತ್ತು ಮಂದಿಗೆ ಅನ್ಯಾಯವೇ.

ಈ ಕಸುಬು ಎರಡು ದಿಕ್ಕಿನಲ್ಲಿ ಎಳೆಯುತ್ತದೆ. ಒಂದು, ಕ್ಲಬ್ಬಿನ ಸಂಬಳವೊಂದನ್ನೇ ನೆಚ್ಚಿಕೊಳ್ಳಬೇಕಾದ ಅಗತ್ಯ ಫಿನ್ನಿಗೆ ಇರಲಿಲ್ಲ. 1952ರಲ್ಲಿ ಸಿಟ್ಟಿನಿಂದ ಆಟ ಬಿಟ್ಟಿದ್ದರೂ ಮನೆ ನಡೆಯುತ್ತಿತ್ತು. ಅವರು ಬಿಡಲಿಲ್ಲ, ಮುಂದಿನ ಋತುವಿಗೆ ಮತ್ತೆ ಸಹಿ ಹಾಕಿದರು. ನಿಷ್ಠೆ ಎಂಬ ಪದಕ್ಕೆ ಆಧಾರ ಬೇಕೆಂದರೆ ನಾನು ಪಲೆರ್ಮೊ ಪ್ರಸಂಗದಲ್ಲಿ ಹುಡುಕುವುದಿಲ್ಲ, ಈ ಸಹಿಯಲ್ಲಿ ಹುಡುಕುತ್ತೇನೆ. ಎರಡು, ಪ್ಲಂಬರ್‌ನ ಗಿರಾಕಿಗಳು ಊರಿನಲ್ಲೇ ಇರುತ್ತಾರೆ. ಲಂಡನ್ನಿಗೆ ಹೋದರೆ ಅದೇ 14 ಪೌಂಡ್ ಸಂಬಳ, ಮೇಲೆ ಕಟ್ಟಿದ ವ್ಯಾಪಾರದ ನಷ್ಟ. ಹಾಗಾಗಿ ಅವರನ್ನು ಹಿಡಿದಿಟ್ಟದ್ದರಲ್ಲಿ ಕ್ಲಬ್ಬಿನಷ್ಟೇ ಊರಿನ ಪಾಲೂ ಇದೆ. ಕನ್ನಡದ ‘ಊರಿನ ಋಣ’ ಎಂಬ ಮಾತು ನಿಷ್ಠೆಗಿಂತ ಇಲ್ಲಿಗೆ ಹೆಚ್ಚು ಹೊಂದುತ್ತದೆ ಎಂದು ನನಗೆ ತೋರುತ್ತದೆ. ಋಣದಲ್ಲಿ ಇಷ್ಟವೂ ಇರುತ್ತದೆ, ಕಟ್ಟೂ ಇರುತ್ತದೆ.

ಉಳಿದದ್ದಕ್ಕೆ ಸಿಕ್ಕಿದ್ದೇನು? ಪ್ರೆಸ್ಟನ್ 1949ರಲ್ಲಿ ಎರಡನೇ ಡಿವಿಷನ್‌ಗೆ ಇಳಿದು 1951ರಲ್ಲಿ ಅದನ್ನು ಗೆದ್ದು ಮೇಲೆ ಬಂತು. 1952–53ರಲ್ಲಿ ಆರ್ಸೆನಲ್ ಮತ್ತು ಪ್ರೆಸ್ಟನ್ ಎರಡಕ್ಕೂ 54 ಅಂಕ. ಅಂದು ಹೊಡೆದ ಗೋಲನ್ನು ಬಿಟ್ಟುಕೊಟ್ಟ ಗೋಲಿನಿಂದ ಭಾಗಿಸುವ ಪದ್ಧತಿ. ಆರ್ಸೆನಲ್ 97ಕ್ಕೆ 64, ಪ್ರೆಸ್ಟನ್ 85ಕ್ಕೆ 60, ಅಂತರ 0.099. ಪ್ರಶಸ್ತಿ ಆರ್ಸೆನಲ್‌ಗೆ ಹೋಯಿತು. ಭಾಗಾಕಾರದ ಕ್ರೂರತೆ ಎಂದು ಇದನ್ನು ಹೇಳುವುದುಂಟು, ಆದರೆ ಇಂದಿನಂತೆ ಕಳೆಯುವ ಲೆಕ್ಕ ಹಾಕಿದರೂ ಆರ್ಸೆನಲ್ 33, ಪ್ರೆಸ್ಟನ್ 25. ಆರ್ಸೆನಲ್ ತನ್ನ ಕೊನೆಯ ಪಂದ್ಯ ಗೆದ್ದದ್ದು ಮೇ 1ರಂದು. ಮರುದಿನವೇ ವೆಂಬ್ಲಿಯಲ್ಲಿ ಬ್ಲ್ಯಾಕ್‌ಪೂಲ್ ಬೋಲ್ಟನ್ನನ್ನು 4-3ರಿಂದ ಸೋಲಿಸಿತು, ಗೆದ್ದ ತಂಡದ 38ರ ಮ್ಯಾಥ್ಯೂಸ್‌ಗೆ ಕಪ್ ಪದಕ ಸಿಕ್ಕಿತು. ಫಿನ್ನಿಗೂ ಅಂಥದ್ದೊಂದು ದಿನ ಬರಲಿ ಎಂದು 1954ರ ಮೇ 1ರ ಕಪ್ ಫೈನಲ್ ದಿನ ದೇಶವೇ ಕಾಯಿತು. ಅವರೇ ನಾಯಕ. ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ 3-2ರಿಂದ ಗೆದ್ದಿತು, ಫಿನ್ನಿ ಆಡಿದ ಮಂಕಾದ ಪಂದ್ಯಗಳಲ್ಲಿ ಅದೂ ಒಂದು. ಆ ವರ್ಷವೂ 1957ರಲ್ಲೂ ವರ್ಷದ ಫುಟ್‌ಬಾಲಿಗ ಎಂಬ ಗೌರವ ಬಂತು. ಅದನ್ನು ಎರಡು ಬಾರಿ ಪಡೆದ ಮೊದಲಿಗರು ಅವರೇ. ತಂಡದ ಜೊತೆ ಗೆದ್ದದ್ದು ಎರಡನೇ ಡಿವಿಷನ್ ಮತ್ತು ಲೆಕ್ಕಕ್ಕೆ ಬಾರದ ಯುದ್ಧಕಾಲದ ಗೆಲುವುಗಳು ಮಾತ್ರ.

ಕ್ಲಿಫ್ ಬ್ರಿಟನ್ 1956ರಲ್ಲಿ ಪ್ರೆಸ್ಟನ್ ಮ್ಯಾನೇಜರ್ ಆಗಿ ಬಂದು ಫಿನ್ನಿಯವರನ್ನು ಅಂಚಿನಿಂದ ನಡುವಿಗೆ, ಸೆಂಟರ್ ಫಾರ್ವರ್ಡ್ ಸ್ಥಾನಕ್ಕೆ ತಂದರು. ಪ್ರೆಸ್ಟನ್ 1957ರಲ್ಲಿ ಮೂರನೆಯದಾಗಿ, 1958ರಲ್ಲಿ ಎರಡನೆಯದಾಗಿ ಮುಗಿಸಿತು. 1956ರ ಆಗಸ್ಟಿನಲ್ಲಿ ಚೆಲ್ಸಿ ಮೈದಾನದಲ್ಲಿ ನೀರು ನಿಂತ ನೆಲದ ಮೇಲೆ ಚೆಂಡಿನ ಹಿಂದೆ ನುಗ್ಗುವ ಫಿನ್ನಿಯ ಚಿತ್ರವೇ 2004ರಲ್ಲಿ ಪೀಟರ್ ಹಾಡ್ಜ್‌ಕಿನ್‌ಸನ್ ಕೈಯಲ್ಲಿ ಡೀಪ್‌ಡೇಲ್ ಮುಂದಿನ ಕಾರಂಜಿ ಪ್ರತಿಮೆಯಾಯಿತು. ಪ್ಲಂಬರ್‌ಗೆ ನೀರಿನದೇ ಸ್ಮಾರಕ.

ಫಿನ್ನಿ 1960ರ ಏಪ್ರಿಲ್ 30ರಂದು, ತೊಡೆಸಂದಿಯ ಬಿಡದ ನೋವಿನಿಂದ, 38ನೆಯ ವಯಸ್ಸಿನಲ್ಲಿ ಲೂಟನ್ ವಿರುದ್ಧ ಕೊನೆಯ ಲೀಗ್ ಪಂದ್ಯ ಆಡಿದರು. ಮರು ಋತುವಿನಲ್ಲೇ ಪ್ರೆಸ್ಟನ್ ಮೇಲಿನ ಡಿವಿಷನ್‌ನಿಂದ ಇಳಿಯಿತು, ಇಂದಿಗೂ ಮರಳಿಲ್ಲ. 1961ರ ಜನವರಿಯಲ್ಲಿ ಗರಿಷ್ಠ ವೇತನ ರದ್ದಾಯಿತು. ಫುಲಮ್ ಕ್ಲಬ್ಬು ಜಾನಿ ಹೇನ್ಸ್‌ಗೆ ವಾರಕ್ಕೆ 100 ಪೌಂಡ್ ಕೊಟ್ಟಿತು. 1963ರ ಜುಲೈನಲ್ಲಿ, ಆಟಗಾರ ಜಾರ್ಜ್ ಈಸ್ಟಮ್ ನ್ಯೂಕಾಸಲ್ ಕ್ಲಬ್ಬಿನ ಮೇಲೆ ಹೂಡಿದ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್, ಉಳಿಸಿಕೊಳ್ಳುವ ಪಟ್ಟಿಯ ಪದ್ಧತಿ ಆಟಗಾರನ ದುಡಿಯುವ ಸ್ವಾತಂತ್ರ್ಯಕ್ಕೆ ಅನುಚಿತ ತಡೆ ಎಂದು ತೀರ್ಪಿತ್ತರು.

ಎರಡು ತಿಂಗಳು ಕಳೆದು, ಸೆಪ್ಟೆಂಬರಿನಲ್ಲಿ, ಉತ್ತರ ಐರ್ಲೆಂಡಿನ ಡಿಸ್ಟಿಲರಿ ಕ್ಲಬ್ಬು ಯೂರೋಪಿಯನ್ ಕಪ್ಪಿನಲ್ಲಿ ಬೆನ್ಫಿಕಾವನ್ನು ಎದುರಿಸಿತು. ಯುಸೇಬಿಯೊ ಇದ್ದ ಆ ತಂಡದ ಎದುರು ಪಂದ್ಯ 3-3 ಆಯಿತು. ಡಿಸ್ಟಿಲರಿ ಅಂಗಿ ತೊಟ್ಟು ಆಡಿದವರಲ್ಲಿ 41ರ ಟಾಮ್ ಫಿನ್ನಿ ಒಬ್ಬರು. ಮೈದಾನ ಬೆಲ್‌ಫಾಸ್ಟಿನ ವಿಂಡ್ಸರ್ ಪಾರ್ಕ್, ಹದಿನೇಳು ವರ್ಷಗಳ ಹಿಂದೆ ಮ್ಯಾಥ್ಯೂಸ್‌ನ ಗಾಯದಿಂದಾಗಿ ಇಂಗ್ಲೆಂಡಿಗೆ ಮೊದಲ ಸಲ ಆಡಿದ್ದ ಅದೇ ಜಾಗ.